ಮೊದಲು ಬೆರಳು, ಆಮೇಲೆ ಚೊಂಬು

ನಮ್ಮ ಬಾಲ್ಕನಿಯಲ್ಲಿದ್ದ ಕರಿಬೇವಿನ ಗಿಡ ಕಳೆದ ಆಷಾಢದಲ್ಲಿ ಸತ್ತುಹೋಯಿತು. ಕುಂಡದ ಗಿಡವೊಂದು ಸಾಯುವುದು ದೊಡ್ಡ ಸುದ್ದಿಯೇನಲ್ಲ, ಆದರೆ ಇದು ಸತ್ತದ್ದು ಉಪಚಾರ ಹೆಚ್ಚಾಗಿ. ಬೆಳಿಗ್ಗೆ ಹೊಸ್ತಿಲು ತೊಳೆದು ರಂಗೋಲಿ ಹಾಕಿದ ಮೇಲೆ ಬಕೆಟ್ಟಿನಲ್ಲಿ ಉಳಿದ ನೀರನ್ನು ನನ್ನ ಹೆಂಡತಿ ಅದರ ಬುಡಕ್ಕೆ ಸುರಿಯುತ್ತಿದ್ದಳು. ತುಳಸಿಗೆ ಎರೆದು ಚೊಂಬಿನಲ್ಲಿ ಮಿಕ್ಕಿದ್ದನ್ನು ಅಮ್ಮ ಅದಕ್ಕೇ ಹಾಕುತ್ತಿದ್ದರು. ಪೇಪರ್ ಓದಿ ಮುಗಿಸಿ ಎದ್ದವನು ನಾನೂ ಒಂದು ಮಗ್ ಹಾಕಿ, ಮನೆಗೆಲಸದಲ್ಲಿ ನನ್ನ ಪಾಲು ಮುಗಿಯಿತು ಎಂದುಕೊಳ್ಳುತ್ತಿದ್ದೆ. ಸಂಜೆ ಶಾಲೆಯಿಂದ ಬಂದ ಮಗಳು ತನ್ನ ಬಾಟಲಿಯ ನೀರನ್ನು ಅದಕ್ಕೆ ಕುಡಿಸಿ ಟಾಟಾ ಹೇಳುತ್ತಿದ್ದಳು. ಸಾಲದ್ದಕ್ಕೆ, ಕರಿಬೇವಿಗೆ ಹುಳಿ ಮಜ್ಜಿಗೆ ಒಳ್ಳೆಯದೆಂದು ಯಾರೋ ಹೇಳಿದ್ದರಿಂದ ವಾರಕ್ಕೊಮ್ಮೆ ಅದೂ ಬೀಳುತ್ತಿತ್ತು. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಮೇಲಿನಿಂದ ಮಳೆ ಬೇರೆ.

ಎಲೆ ಹಳದಿಯಾಗಿ ಜೋತುಬಿದ್ದಾಗ ನಾಲ್ವರೂ ಒಂದೇ ತೀರ್ಮಾನಕ್ಕೆ ಬಂದೆವು: ಪಾಪ, ಬಾಯಾರಿದೆ. ಒಂದು ಮಗ್ ಎರಡಾಯಿತು. ಹದಿನೈದು ದಿನಕ್ಕೆ ಗಿಡ ಕಡ್ಡಿಯಾಯಿತು. ಕುಂಡ ಮಗುಚಿದರೆ ಬೇರೆಲ್ಲ ಕಪ್ಪಾಗಿ, ಲೋಳೆಯಾಗಿ, ಮೋರಿಯ ವಾಸನೆ ಹೊಡೆಯುತ್ತಿತ್ತು. ತಳದ ತೂತು ಮಣ್ಣು ಕಟ್ಟಿ ಮುಚ್ಚಿಹೋಗಿತ್ತು. ನೀರಿಲ್ಲದೆ ಸೊರಗಿದೆ ಎಂದುಕೊಂಡ ಗಿಡ ಇಷ್ಟು ದಿನ ನೀರಿನಲ್ಲೇ ಮುಳುಗಿತ್ತು.

ಬೇರು ನೀರು ಕುಡಿಯುತ್ತದೆ ಎಂದು ನಮಗೆಲ್ಲ ಗೊತ್ತು. ಅದು ಉಸಿರಾಡುತ್ತದೆ ಎನ್ನುವುದು ಮರೆತುಹೋಗುತ್ತದೆ. ಮಣ್ಣಿನ ಕಣಗಳ ನಡುವಿನ ಸಣ್ಣ ಸಂದುಗಳಲ್ಲಿ ಗಾಳಿ ಇರುತ್ತದೆ. ಬೇರಿಗೆ ಬೇಕಾದ ಆಮ್ಲಜನಕ ಅಲ್ಲಿಂದಲೇ. ಆ ಸಂದುಗಳಲ್ಲೆಲ್ಲ ನೀರು ತುಂಬಿ ನಿಂತರೆ ಬೇರು ಉಸಿರುಕಟ್ಟಿ ಕೊಳೆಯತೊಡಗುತ್ತದೆ. ಕೊಳೆತ ಬೇರಿಗೆ ನೀರು ಎಳೆದುಕೊಳ್ಳುವ ಶಕ್ತಿ ಇರುವುದಿಲ್ಲ. ಹೀಗಾಗಿ ಸುತ್ತ ನೀರಿದ್ದೂ ಎಲೆಗೆ ನೀರು ತಲುಪದೆ ಅದು ಬಾಡುತ್ತದೆ. ಬರದಲ್ಲಿ ಬಾಡಿದ ಗಿಡಕ್ಕೂ ಪ್ರವಾಹದಲ್ಲಿ ಬಾಡಿದ ಗಿಡಕ್ಕೂ ಮುಖ ಒಂದೇ. ದೂರದಿಂದ ನೋಡಿದವರು ಎರಡಕ್ಕೂ ಒಂದೇ ಮದ್ದು ಹಾಕುತ್ತಾರೆ. ಮನೆಗಳ ಕುಂಡಗಳಲ್ಲಿ ಒಣಗಿ ಸಾಯುವ ಗಿಡಗಳಿಗಿಂತ ಕೊಳೆತು ಸಾಯುವ ಗಿಡಗಳೇ ಹೆಚ್ಚೆಂದು ನನಗೆ ಗುಮಾನಿ.

ಇದಕ್ಕೆ ಪರಿಹಾರ ನಮ್ಮೆಲ್ಲರ ಕೈಯಲ್ಲೇ ಇದೆ, ಅಕ್ಷರಶಃ. ತೋರುಬೆರಳನ್ನು ಎರಡು ಗಿಣ್ಣು ಮುಳುಗುವಷ್ಟು ಮಣ್ಣಿನಲ್ಲಿ ಇಳಿಸಿ. ತಂಪಾಗಿ, ಮಣ್ಣು ಬೆರಳಿಗೆ ಅಂಟಿದರೆ ಆ ದಿನ ನೀರು ಬೇಡ. ಒಣ ಪುಡಿ ಉದುರಿದರೆ ತಳದ ತೂತಿನಿಂದ ನೀರು ಇಣುಕುವವರೆಗೆ ಹಾಕಿ, ಮತ್ತೆ ಬೆರಳು ಹೇಳುವವರೆಗೆ ಅದರ ತಂಟೆಗೆ ಹೋಗಬೇಡಿ. ದಿನಾ ಮೇಲೆ ಮೇಲೆ ಚಿಮುಕಿಸುವುದಕ್ಕಿಂತ ಅಪರೂಪಕ್ಕೆ ಆಳವಾಗಿ ಕೊಡುವುದು ಮೇಲು. ನೀರು ಹುಡುಕಿಕೊಂಡು ಬೇರು ಕೆಳಕ್ಕೆ ಇಳಿಯುತ್ತದೆ. ಈಗ ಹೆಚ್ಚಿನ ಕುಂಡಗಳಲ್ಲಿ ತೆಂಗಿನ ನಾರಿನ ಪುಡಿ, ಅದೇ ಕೋಕೊಪೀಟ್, ಬೆರೆತಿರುತ್ತದೆ. ಅದರ ಮೇಲ್ಪದರ ಒಣಗಿ ಬಣ್ಣ ಬಿಟ್ಟಿದ್ದರೂ ಒಳಗೆ ಹಿಂಡಿದರೆ ನೀರು ಬರುವಷ್ಟು ಒದ್ದೆ ಇರುತ್ತದೆ, ಹಾಗಾಗಿ ಕಣ್ಣನ್ನು ನಂಬುವಂತಿಲ್ಲ. ಮಣ್ಣಿನ ಕುಂಡವಾದರೆ ಇನ್ನೊಂದು ಹಳೆಯ ಉಪಾಯ ಉಂಟು: ಬೆರಳ ಗೆಣ್ಣಿನಿಂದ ತಟ್ಟುವುದು. ಒಳಗೆ ಒಣಗಿದ್ದರೆ ಠಣ್ ಎನ್ನುತ್ತದೆ, ಒದ್ದೆಯಿದ್ದರೆ ದಬ್ ಎನ್ನುತ್ತದೆ. ಹಲಸಿನಹಣ್ಣು ತಟ್ಟಿ ನೋಡಿ ತರುವ ನಮಗೆ ಇದು ಕಷ್ಟವಲ್ಲ.

ಬೆರಳಿಗೆ ಸಿಗುವ ಉತ್ತರ ಋತುವಿನಿಂದ ಋತುವಿಗೆ ಬೇರೆ. ಯುಗಾದಿ ಕಳೆದ ಮೇಲೆ ತಾರಸಿಯ ಕುಂಡಗಳು ದಿನಕ್ಕೆರಡು ಬಾರಿ ಕೇಳಬಹುದು. ಆಗ ಬಿಸಿಲೇರುವ ಮುನ್ನ ಕೊಡುವುದು ಒಳ್ಳೆಯದು. ಬುಡಕ್ಕೆ ಒಣ ಎಲೆಯನ್ನೋ ತೆಂಗಿನ ಸಿಪ್ಪೆಯನ್ನೋ ಹೊದಿಸಿದರೆ ಒಂದು ಹೊತ್ತಿನ ನೀರು ಉಳಿಯುತ್ತದೆ. ದಂಟು, ಬೆಂಡೆ, ಬದನೆ, ಹಾಗಲ ಬಿಸಿಲನ್ನು ತಾಳಿಕೊಳ್ಳುತ್ತವೆ. ಆದರೆ ನಡುಮಧ್ಯಾಹ್ನ ಬದನೆ, ಕುಂಬಳದ ಅಗಲ ಎಲೆಗಳು ತಲೆ ತಗ್ಗಿಸಿರುವುದನ್ನು ಕಂಡು ಚೊಂಬು ಹಿಡಿದು ಓಡಬೇಡಿ. ಎಲೆಯಿಂದ ಆವಿಯಾಗುವ ವೇಗಕ್ಕೆ ಬೇರು ಸರಿಸಮ ಎಳೆಯಲಾಗದ ಹೊತ್ತು ಅದು, ಸಂಜೆ ಬಿಸಿಲು ಇಳಿದರೆ ತಾನೇ ಎದ್ದು ನಿಲ್ಲುತ್ತದೆ. ಸಂಜೆಯೂ ಏಳದಿದ್ದರೆ ಆಗ ಬೆರಳಿಡಿ.

2024ರ ಮಾರ್ಚ್ ತಿಂಗಳು ಬೆಂಗಳೂರಿನವರಿಗೆ ನೆನಪಿರಬಹುದು. ಕೊಳವೆಬಾವಿಗಳು ಬತ್ತಿ, ಟ್ಯಾಂಕರುಗಳಿಗೆ ಸಾಲು ನಿಂತ ಕಾಲ. ಕಾರು ತೊಳೆಯಲು, ಕೈತೋಟಕ್ಕೆ ಕುಡಿಯುವ ನೀರು ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೆಲವರು ಕುಂಡಗಳನ್ನು ಮೂಲೆಗೆ ಸರಿಸಿ ಕೈತೊಳೆದುಕೊಂಡರು. ಅಮ್ಮ ಮಾತ್ರ ಅಡುಗೆಮನೆಯಲ್ಲಿ ಒಂದು ಪಾತ್ರೆ ಇಟ್ಟರು. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರೆಲ್ಲ ಅದಕ್ಕೆ. ಊರಿನಲ್ಲಿ ಅದೇ ನೀರು ಕಲಗಚ್ಚಾಗಿ ಹಸುವಿಗೆ ಹೋಗುತ್ತಿತ್ತು. ಇಲ್ಲಿ ಹಸುವಿನ ಜಾಗದಲ್ಲಿ ಬಸಳೆ ನಿಂತಿತ್ತು. ಆ ಬೇಸಿಗೆಯಲ್ಲಿ ನಮ್ಮ ಒಂದು ಗಿಡವೂ ಸಾಯಲಿಲ್ಲ. ಅಳತೆಯ ನೀರಿದ್ದಾಗ ಯಾವುದಕ್ಕೆ ನಿಜವಾಗಿ ಬೇಕು ಎಂದು ನೋಡಿ ನೋಡಿ ಹಾಕಿದೆವಲ್ಲ, ಅದಕ್ಕೇ ಇರಬೇಕು. ಒಂದು ಎಚ್ಚರಿಕೆ: ಕುಡಿಯುವ ನೀರಿನ ಆರ್‌ಒ ಯಂತ್ರ ಹೊರಬಿಡುವ ನೀರಿನಲ್ಲಿ ಲವಣ ಜಾಸ್ತಿ. ನೆಲ ಒರೆಸಲು ಅದು ಸರಿ, ಕುಂಡಕ್ಕೆ ದಿನಾ ಹಾಕಿದರೆ ಎಲೆಯ ಅಂಚು ಸುಡುತ್ತದೆ.

ಬೇಸಿಗೆ ರಜೆಗೆ ಊರಿಗೆ ಹೋಗುವವರ ಚಿಂತೆ ಬೇರೆ. ಕೀಲಿಕೈ ಕೊಟ್ಟು ಪಕ್ಕದ ಮನೆಯವರಿಗೆ ಹೇಳಿದರೆ ಅವರು ಪಾಪ ನಮಗಿಂತ ಹೆಚ್ಚು ಮುತುವರ್ಜಿಯಿಂದ ಸುರಿಯುತ್ತಾರೆ. ನಾನು ಈಗ ಮಡಕೆಯನ್ನು ನಂಬುತ್ತೇನೆ. ಬಣ್ಣ, ಮೆರುಗು ಏನೂ ಇಲ್ಲದ ಸಾದಾ ಮಣ್ಣಿನ ಕುಡಿಕೆಯನ್ನು ದೊಡ್ಡ ಕುಂಡದ ನಡುವೆ ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿಗೆ ಮುಚ್ಚಳ ಇಡುವುದು. ಸುತ್ತಲಿನ ಮಣ್ಣು ಒಣಗಿದಂತೆ ಅದು ಮಡಕೆಯ ಗೋಡೆಯ ಸಣ್ಣ ರಂಧ್ರಗಳ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಮಣ್ಣು ಹಸಿಯಾಗಿದ್ದಾಗ ಒಸರುವುದು ತಗ್ಗುತ್ತದೆ. ಎರಡು ಸಾವಿರ ವರ್ಷಗಳಿಗೂ ಹಿಂದಿನ ಚೀನಾದ ಕೃಷಿಗ್ರಂಥವೊಂದರಲ್ಲಿ ಈ ವಿಧಾನದ ವಿವರಣೆ ಇದೆ. ಮಣ್ಣು ಕೇಳಿದಷ್ಟೇ ಕೊಡುವ ಈ ಕುಡಿಕೆಯ ವಿವೇಕ ನಮ್ಮ ಮನೆಯ ನಾಲ್ವರಿಗೆ ಸೇರಿ ಇರಲಿಲ್ಲ.

ಜೂನ್ ಎರಡನೇ ವಾರ ಮೃಗಶಿರ ಮಳೆ ಹಿಡಿಯಿತೆಂದರೆ ಚೊಂಬಿಗೆ ರಜೆ. ಅದು ನೆಡುವ ಕಾಲ. ದಾಸವಾಳ, ಮಲ್ಲಿಗೆ, ಬಸಳೆ, ದೊಡ್ಡಪತ್ರೆ ಯಾವುದಾದರೂ ಸರಿ, ನೆರೆಮನೆಯಿಂದ ಒಂದು ತುಂಡು ಕೇಳಿ ತಂದು ಗಿಣ್ಣಿನ ಕೆಳಗೆ ಕತ್ತರಿಸಿ ಊರಿದರೆ ಸಾಕು. ನರ್ಸರಿಗೆ ದುಡ್ಡು ಕೊಟ್ಟು ದೊಡ್ಡಪತ್ರೆ ತರುವವರನ್ನು ಕಂಡರೆ ನನಗೆ ನಗು ಬರುತ್ತದೆ. ಅದು ಕೇಳಿ ತರುವ ಗಿಡ. ಈ ಕಾಲದಲ್ಲಿ ನಾವು ಮಾಡಬೇಕಾದ ಕೆಲಸ ನೀರನ್ನು ಹೊರಗೆ ಕಳಿಸುವುದು. ತೂತಿಗೆ ಕಡ್ಡಿ ಹಾಕಿ ಬಿಡಿಸಬೇಕು, ಕುಂಡವನ್ನು ಎರಡು ಹೆಂಚಿನ ಚೂರಿನ ಮೇಲೆ ಎತ್ತಿಡಬೇಕು, ಕೆಳಗಿನ ತಟ್ಟೆಗಳನ್ನು ತೆಗೆದುಬಿಡಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಆ ತಟ್ಟೆಯ ನೀರೇ ಧಾರಾಳ. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿದ ರಾಜ್ಯ ಸರ್ಕಾರ, ಸೊಳ್ಳೆ ಬೆಳೆಯಲು ಬಿಟ್ಟ ಮನೆಯವರಿಗೂ ದಂಡದ ನಿಯಮ ತಂದಿತು. ಮೊಟ್ಟೆಗಳು ತಟ್ಟೆಯ ಅಂಚಿಗೆ ಅಂಟಿಕೊಂಡಿರುತ್ತವೆ, ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತವೆ. ಹಾಗಾಗಿ ಚೆಲ್ಲಿದರೆ ಮುಗಿಯಲಿಲ್ಲ, ತಿಕ್ಕಿ ತೊಳೆಯಬೇಕು.

ಅಮ್ಮ ಸಾಗರದ ಕಡೆಯವರು. ಅಲ್ಲಿ ಮಳೆಗಾಲವೆಂದರೆ ಡೇರೆ ಹೂವಿನ ಕಾಲ. ಚೌತಿಯ ಹೊತ್ತಿಗೆ ಅಂಗಳದ ತುಂಬ ಕೆಂಪು, ಹಳದಿ, ನೇರಳೆ. ಮುಷ್ಟಿಗಿಂತ ದೊಡ್ಡ ಹೂಗಳು. ಯಾರ ಮನೆಯಲ್ಲಿ ಹೊಸ ಬಣ್ಣ ಅರಳಿದೆ ಎಂಬ ಸುದ್ದಿ ನಾಲ್ಕು ಊರಿಗೆ ಹಬ್ಬಿ, ಮದುವೆಮನೆಯಲ್ಲಿ ಸಿಕ್ಕವರು ಗೆಡ್ಡೆಯ ವಿನಿಮಯ ಮಾತಾಡಿಕೊಳ್ಳುತ್ತಾರೆ. ಹನಿ ಕಡಿಯದ ಆ ಮಳೆಯಲ್ಲಿ ಡೇರೆ ಗೆಡ್ಡೆ ಕೊಳೆಯದಂತೆ ಉಳಿಸುವುದೇ ಅಲ್ಲಿನ ಹೆಂಗಸರ ವಿದ್ಯೆ. ಮಣ್ಣನ್ನು ದಿಬ್ಬವಾಗಿ ಏರಿಸುತ್ತಾರೆ, ಸೂರಿನ ನೀರು ಬೀಳದಷ್ಟು ದೂರ ನೆಡುತ್ತಾರೆ, ಗಾಳಿಗೆ ಮುರಿಯದಂತೆ ಕೋಲು ಕೊಡುತ್ತಾರೆ. ಹೂವಿನ ಕಾಲ ಮುಗಿದ ಮೇಲೆ ಗೆಡ್ಡೆ ಕಿತ್ತು ಒಣ ಜಾಗದಲ್ಲಿ ಮುಂದಿನ ವರ್ಷಕ್ಕೆ ಕಾದಿಡುತ್ತಾರೆ. ಅಲ್ಲಿಂದ ಹೆಚ್ಚು ದೂರವಿಲ್ಲದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಚಳ್ಳಕೆರೆಯಲ್ಲಿ 500 ದಾಟಿದರೆ ಪುಣ್ಯ. ಆಗುಂಬೆಯ ಗೃಹಿಣಿ ನೀರನ್ನು ಓಡಿಸುವ ಕಾಲುವೆ ತೋಡಿದರೆ, ಚಳ್ಳಕೆರೆಯಾಕೆ ಅದನ್ನು ಹಿಡಿದಿಡುವ ಪಾತಿ ಮಾಡುತ್ತಾಳೆ. ಒಂದೇ ಭಾಷೆ ಆಡುವ ಎರಡು ಹಿತ್ತಲುಗಳಿಗೆ ತೋಟಗಾರಿಕೆಯ ಒಂದೇ ಪಾಠ ಹೇಳಿಕೊಡಲು ಬರುವುದಿಲ್ಲ. ಮೊಬೈಲಿನಲ್ಲಿ ಬರುವ "ವಾರಕ್ಕೆ ಇಷ್ಟು ಬಾರಿ ನೀರು" ಎಂಬ ಉಪದೇಶ ಯಾವ ಊರಿನದೆಂದು ಮೊದಲು ಕೇಳಿಕೊಳ್ಳಬೇಕು.

ದೀಪಾವಳಿ ಮುಗಿದು ಚಳಿ ಬಿದ್ದಾಗ ಮಕ್ಕಳನ್ನು ತೋಟಕ್ಕೆ ಕರೆಯಿರಿ. ಅದಕ್ಕಿಂತ ಸುಲಭದ ಕಾಲವಿಲ್ಲ. ಅಡುಗೆಮನೆಯ ಮೆಂತ್ಯದ ಡಬ್ಬಿಯಿಂದ ಒಂದು ಮುಷ್ಟಿ ತೆಗೆದು, ರಾತ್ರಿ ನೆನೆಸಿ, ಗೇಣು ಆಳದ ಯಾವ ಹಳೆಯ ಡಬ್ಬದಲ್ಲಾದರೂ ಎರಚಿದರೆ ಮೂರ್ನಾಲ್ಕು ದಿನಕ್ಕೆ ಮೊಳಕೆ, ತಿಂಗಳೊಪ್ಪತ್ತಿಗೆ ಪಲ್ಯ. ಕೊತ್ತಂಬರಿ ಬೀಜ ಒಂದರೊಳಗೆ ಎರಡು ಇರುತ್ತದೆ. ಲಟ್ಟಣಿಗೆಯಿಂದ ಹಗುರಾಗಿ ಉರುಳಿಸಿ ಹೋಳು ಮಾಡಿ ಬಿತ್ತಬೇಕು. ಅದು ಏಳಲು ವಾರ, ಹತ್ತು ದಿನ ಬೇಕು. ಆ ಹತ್ತು ದಿನ ಮಗು ದಿನಾ ಮಣ್ಣು ಕೆದಕಿ ನೋಡುತ್ತದೆ, ನೋಡಲಿ. ನಮ್ಮ ಮಗಳು ಒಂದು ಬೀಜವನ್ನು ಐದು ಸಲ ಹೊರಗೆ ತೆಗೆದು "ಇನ್ನೂ ಮಲಗಿದೆ" ಎಂದು ವರದಿ ಕೊಟ್ಟಿದ್ದಳು. ಅದೊಂದು ಬರಲಿಲ್ಲ, ಉಳಿದವು ಬಂದವು. ಈ ತಿಂಗಳುಗಳಲ್ಲಿ ಕುಂಡ ಬೇಗ ಒಣಗದು. ಬೇಸಿಗೆಯ ಅಭ್ಯಾಸದ ಕೈ ಚಳಿಗಾಲದಲ್ಲೂ ಅಷ್ಟೇ ಸುರಿದರೆ ಸಸಿಗಳು ಬುಡದಲ್ಲಿ ಮೆತ್ತಗಾಗಿ ಮಲಗಿಬಿಡುತ್ತವೆ.

ಮನೆಯೊಳಗಿನ ಗಿಡಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವಕ್ಕೆ ಬಿಸಿಲಿಲ್ಲ, ಗಾಳಿಯಿಲ್ಲ, ಹಾಗಾಗಿ ದಾಹವೂ ಕಡಿಮೆ. ಸ್ನೇಕ್ ಪ್ಲಾಂಟ್, ಲೋಳೆಸರ ಎರಡು ವಾರ ನೀರು ಕಾಣದಿದ್ದರೂ ದೂರು ಹೇಳುವುದಿಲ್ಲ. ಇವು ಮನೆಯ ಗಾಳಿಯನ್ನೆಲ್ಲ ಶುದ್ಧ ಮಾಡುತ್ತವೆ ಎಂದು ಮಾರುವವರು ಹೇಳುತ್ತಾರೆ. ಅದಕ್ಕೆ ಆಧಾರವಾಗಿ ತೋರಿಸುವ ನಾಸಾದ 1989ರ ಪ್ರಯೋಗ ನಡೆದದ್ದು ಗಾಳಿಯಾಡದ ಮುಚ್ಚಿದ ಪೆಟ್ಟಿಗೆಗಳಲ್ಲಿ. ಕಿಟಕಿ ಬಾಗಿಲು ಇರುವ ಮನೆಯಲ್ಲಿ ನಾಲ್ಕು ಕುಂಡಗಳಿಂದ ಅಂಥ ವ್ಯತ್ಯಾಸವೇನೂ ಆಗದು. ಕಿಟಕಿ ತೆರೆದರೆ ಅದಕ್ಕಿಂತ ಹೆಚ್ಚಿನ ಕೆಲಸವಾಗುತ್ತದೆ. ಗಿಡ ಕಣ್ಣಿಗೆ ತಂಪು, ಅಷ್ಟು ಸಾಲದೆ?

ಕರಿಬೇವು ಸತ್ತ ಮೇಲೆ ನಾವು ನಾಲ್ವರು ಕೂತು ಮಾತಾಡಿದೆವು. ತಪ್ಪು ಯಾರದೂ ಅಲ್ಲ, ಎಲ್ಲರದೂ ಪ್ರೀತಿಯೇ. "ಇನ್ನು ಮೇಲೆ ಒಬ್ಬರೇ ಹಾಕೋಣ" ಎಂದೆ. "ಆಗ ಆ ಒಬ್ಬರು ಮರೆತರೆ?" ಎಂದಳು ಹೆಂಡತಿ. ಮಗಳು ಹೊಸ ದಾರಿ ಹುಡುಕಿದಳು. ಪ್ರತಿ ಕುಂಡದ ಅಂಚಿನಲ್ಲಿ ಒಂದೊಂದು ಬೆಣಚುಕಲ್ಲು ಇಟ್ಟು ಒಂದು ಬದಿಗೆ ಸುಣ್ಣದ ಬೊಟ್ಟು ಇಟ್ಟಳು. ನೀರು ಹಾಕಿದವರು ಬೊಟ್ಟು ಕಾಣುವಂತೆ ಕಲ್ಲು ಮಗುಚಬೇಕು. ಬೆಳಿಗ್ಗೆ ಮೊದಲು ಎದ್ದವರು ಬೆರಳಿಟ್ಟು ನೋಡಿ, ಮಣ್ಣು ಒಣಗಿದ್ದರೆ ಮಾತ್ರ ಕಲ್ಲನ್ನು ಮತ್ತೆ ತಿರುಗಿಸಬೇಕು. ಬೊಟ್ಟು ಕಾಣುತ್ತಿದ್ದರೆ ಚೊಂಬು ಮುಂದಿನ ಕುಂಡಕ್ಕೆ. "ಅಪ್ಪಾ, ಬೆರಳು ತೋರ್ಸು" ಎಂದು ಈಗ ಅವಳು ತನಿಖೆ ಮಾಡುತ್ತಾಳೆ. ಉಗುರಿನಲ್ಲಿ ಮಣ್ಣಿಲ್ಲದಿದ್ದರೆ ನಾನು ಸಿಕ್ಕಿಬಿದ್ದೆ. ಮೊದಮೊದಲು ಅಮ್ಮ "ಗಿಡಕ್ಕೂ ರಿಜಿಸ್ಟರು ಬಂತೇ" ಎಂದು ಗೊಣಗಿದ್ದರು. ತುಳಸಿಯ ಚೊಂಬಿಗೆ ಮಾತ್ರ ಈ ಕಾನೂನಿನಿಂದ ವಿನಾಯಿತಿ ಪಡೆದುಕೊಂಡಿದ್ದಾರೆ. ಅವರ ಚೊಂಬು ಚಿಕ್ಕದು, ತುಳಸಿಯ ಕುಂಡ ದೊಡ್ಡದು, ತೂತೂ ಸರಿಯಾಗಿದೆ. ತುಳಸಿಗೆ ಏನೂ ಆಗಿಲ್ಲ.

ಈ ಫೆಬ್ರುವರಿಯಲ್ಲಿ ಬಂಧುಗಳ ಮನೆಗೆ ಹೋಗಿದ್ದೆವು. ಅವರ ಮಗ ಎಸ್ಸೆಸ್ಸೆಲ್ಸಿ. ಹುಡುಗ ಬಾಡಿದ ಎಲೆಯಂತೆ ಬಂದು ನಮಸ್ಕಾರ ಮಾಡಿ ಒಳಗೆ ಹೋದ. "ಯಾಕೋ ಓದಿನಲ್ಲಿ ಮನಸ್ಸೇ ಇಲ್ಲ, ಅದಕ್ಕೇ ಗಣಿತಕ್ಕೆ ಇನ್ನೊಂದು ಟ್ಯೂಷನ್ ಹಾಕಿದ್ದೀವಿ" ಎಂದರು ತಂದೆ. ಬೆಳಿಗ್ಗೆ ನಾಲ್ಕಕ್ಕೆ ಎಬ್ಬಿಸುತ್ತೇನೆ, ಹಾಲಿಗೆ ಬಾದಾಮಿ ಹಾಕಿ ಕೊಡುತ್ತೇನೆ ಎಂದರು ತಾಯಿ. ದಿನಾ ರಾತ್ರಿ ಹತ್ತಕ್ಕೆ ಹೈದರಾಬಾದಿನಿಂದ ಸೋದರಮಾವನ ಫೋನು, ವಿಜ್ಞಾನದ ಪ್ರಶ್ನೆ ಕೇಳಲು. ಅಜ್ಜನದು ಬೇರೆ ಹರಕೆ. ಎಲ್ಲರದೂ ಒಂದೊಂದು ಮಗ್. ನನಗೆ ನಮ್ಮ ಕುಂಡ ನೆನಪಾಯಿತು, ಹೇಳಲು ಬಾಯಿ ಬರಲಿಲ್ಲ. ಹೇಳಿದ್ದು ನಮ್ಮ ಅಮ್ಮ. ಅವರು ಒಳಗೆ ಹೋಗಿ, ಹುಡುಗನ ಮಂಚದ ಮೇಲೆ ಕೂತು, ಬೆನ್ನ ಮೇಲೆ ಕೈಯಿಟ್ಟು, "ಏನು ಬೇಕೋ ನಿಂಗೆ?" ಎಂದು ಕೇಳಿದರಂತೆ. ಅಷ್ಟು ದಿನದಲ್ಲಿ ಆ ಪ್ರಶ್ನೆ ಯಾರೂ ಅವನನ್ನು ಕೇಳಿರಲಿಲ್ಲ. ಅವನು ಒಂದೇ ಮಾತು ಹೇಳಿದ: "ನಿದ್ದೆ, ಅಜ್ಜಿ." ಹೊರಗೆ ಬಂದ ಅಮ್ಮ ಅದನ್ನೇ ಅವನ ತಾಯಿಗೆ ಹೇಳಿದರು. ಹೊಸ ಟ್ಯೂಷನ್ ನಿಂತಿತು, ಏಳುವ ಹೊತ್ತು ಆರಾಯಿತು ಎಂದು ಆಮೇಲೆ ತಿಳಿಯಿತು.

ಹೊಸ ಕರಿಬೇವಿನ ಸಸಿಯನ್ನು ಅವರ ಹಿತ್ತಲಿನಿಂದಲೇ ತಂದೆವು. ದೊಡ್ಡ ಗಿಡದ ಬೇರಿನಿಂದ ಪಕ್ಕದಲ್ಲಿ ಎದ್ದಿದ್ದ ಮರಿ. ಮೂರು ತಿಂಗಳು ಅದು ಸುಮ್ಮನೆ ನಿಂತಿತ್ತು. ಈ ವಾರ ತುದಿಯಲ್ಲಿ ಕೆಂಪು ಬೆರೆತ ಎರಡು ಎಳೆ ಚಿಗುರು ಕಾಣಿಸಿವೆ. ನಿನ್ನೆ ರಾತ್ರಿ ಒಂದು ಮಳೆ ಬಂತು. ಬೊಟ್ಟು ಮೇಲಿದೆ, ಇವತ್ತು ಅದಕ್ಕೆ ನೀರಿಲ್ಲ.